ಡಬ್ಬಿಯ ಮೇಲಿನ ದಾಳಿಂಬೆ: ಹನ್ನೆರಡು ವಾರಗಳ ಬಳಕೆಯ ನಂತರ

ಮುಟ್ಟು ನಿಲ್ಲುವ ವಯಸ್ಸಿನ ಮಹಿಳೆಯರಿಗೆಂದೇ ಮಾರುವ ಹಣ್ಣಿನ ಕ್ಯಾಪ್ಸೂಲ್‌ಗಳನ್ನು ಹನ್ನೆರಡು ವಾರ ತಪ್ಪದೆ ತೆಗೆದುಕೊಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಹೇಳುವುದಿಲ್ಲ, ಏಕೆಂದರೆ ಇದೇ ಜಾತಿಯ ಡಬ್ಬಿಗಳು ಬೇಕಾದಷ್ಟಿವೆ.

ಡಬ್ಬಿಯ ಮುಂಭಾಗದಲ್ಲಿ ಹೋಳು ಮಾಡಿದ ದಾಳಿಂಬೆಯ ಚಿತ್ರವಿದೆ. ಕನ್ನಡಕ ಹಾಕಿಕೊಂಡು ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿದರೆ ದಾಳಿಂಬೆ ಬೀಜದ ಎಣ್ಣೆ, ಕ್ರ್ಯಾನ್‌ಬೆರಿ ಸಾರ ಮತ್ತು ಲಕ್ಕಿಗಿಡದ ಕುಲಕ್ಕೇ ಸೇರಿದ ಚೇಸ್ಟ್‌ಬೆರಿ ಎಂಬ ಮೂರು ಹೆಸರುಗಳು ಸಿಗುತ್ತವೆ. ಆದರೆ ಮೂರೂ ಸೇರಿ 500 ಮಿಲಿಗ್ರಾಂ ಎಂದಿದೆಯೇ ಹೊರತು ಯಾವುದು ಎಷ್ಟು ಎಂಬುದಿಲ್ಲ. ನನ್ನ ಮೊದಲ ಆಕ್ಷೇಪ ಇದೇ. ಚೇಸ್ಟ್‌ಬೆರಿಗೆ ಹೆಸರು ಬಂದಿರುವುದು ಹೆಚ್ಚಾಗಿ ಮುಟ್ಟಿಗೆ ಮುಂಚಿನ ದಿನಗಳ ತೊಂದರೆಗಳಿಗೆ. ಮುಟ್ಟು ನಿಲ್ಲುವ ಹಂತದವರ ಡಬ್ಬಿಯೊಳಗೆ ಅದೇಕೆ ಸೇರಿತು ಎಂಬುದಕ್ಕೆ ವಿವರಣೆಯೇ ಇಲ್ಲ.

ರಾತ್ರಿ ಮೈ ಕಾವೇರಿ, ಬೆವರಿ ಎಚ್ಚರವಾದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೆ. ಮೊದಲ ವಾರ ಐದು ಗುರುತುಗಳಿದ್ದರೆ ಕೊನೆಯ ವಾರ ಮೂರಿದ್ದವು. ಸಂತೋಷವಾಯಿತು, ನಿಜ, ಆದರೆ ಈ ತೊಂದರೆ ತಾನಾಗಿಯೇ ಏರಿಳಿಯುವಂಥದ್ದು, ಮೇಲಾಗಿ ಔಷಧದ ಅಂಶವೇ ಇಲ್ಲದ ಮಾತ್ರೆ ನುಂಗಿದವರಲ್ಲೂ ಇದು ಸಾಕಷ್ಟು ತಗ್ಗುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ದಾಳಿಂಬೆ ಬೀಜದ ಎಣ್ಣೆಯನ್ನೇ ಹನ್ನೆರಡು ವಾರ ಕೊಟ್ಟು ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಅಂಥ ಹುಸಿ ಮಾತ್ರೆಗಿಂತ ಗಮನಾರ್ಹವಾಗಿ ಹೆಚ್ಚಿನ ಪರಿಣಾಮ ಈ ಕಾವಿನ ಮೇಲೆ ಕಾಣಲಿಲ್ಲ. ಹಾಗಾಗಿ ಆ ಎರಡು ಗುರುತುಗಳ ಕೀರ್ತಿಯನ್ನು ಕ್ಯಾಪ್ಸೂಲಿಗೆ ಕೊಡಲು ನನಗೆ ಮನಸ್ಸಿಲ್ಲ.

ಹಣ್ಣಿನಿಂದ ಉಪಯೋಗವೇ ಇಲ್ಲವೆಂದು ಇದರ ಅರ್ಥವಲ್ಲ. ಮುಟ್ಟು ನಿಲ್ಲುವ ಹಂತದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿದಂತೆ ಮೂಳೆ ಸವೆಯುವ ವೇಗ ಹೆಚ್ಚುತ್ತದೆ. ಮುಟ್ಟು ನಿಂತ 235 ಮಹಿಳೆಯರ ಮೇಲೆ ಒಂದು ವರ್ಷ ನಡೆಸಿ 2022ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ದಿನಕ್ಕೆ 50 ಗ್ರಾಂ, ಅಂದರೆ ಐದಾರು ಒಣ ಪ್ಲಮ್ ತಿಂದವರ ಸೊಂಟದ ಮೂಳೆಯ ಸಾಂದ್ರತೆ ಉಳಿದುಕೊಂಡಿತ್ತು. 100 ಗ್ರಾಂ ತಿನ್ನಬೇಕಿದ್ದವರಲ್ಲಿ ನಡುವೆಯೇ ಬಿಟ್ಟುಹೋದವರು ಹೆಚ್ಚು. (ಅಷ್ಟು ಪ್ಲಮ್ ಒಳಗೆ ಹೋದರೆ ಹೊಟ್ಟೆ ಸುಮ್ಮನಿದ್ದೀತೇ!) ಬೆವರಿಗೆ ಇದು ಮದ್ದಲ್ಲ, ಮೂಳೆಯ ಮಟ್ಟಿಗಷ್ಟೇ, ಆದರೂ ತಿನ್ನುವುದು ಏನು, ಎಷ್ಟು ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ನನಗೆ ಕೋಪ ಬಂದದ್ದು ಡಬ್ಬಿಯ ಮೇಲಿನ ‘ಸಂಪೂರ್ಣ ಸುರಕ್ಷಿತ’ ಎಂಬ ಮಾತಿಗೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಕ್ರ್ಯಾನ್‌ಬೆರಿಯ ವಿಷಯದಲ್ಲಿ, ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ಚೇಸ್ಟ್‌ಬೆರಿಯ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಮುಟ್ಟು ನಿಂತು ಹನ್ನೆರಡು ತಿಂಗಳಾದ ಮೇಲೆ ಮತ್ತೆ ರಕ್ತ ಕಂಡರೆ, ಅದು ಒಂದೇ ಹನಿಯಾದರೂ, ಪರೀಕ್ಷೆ ಮಾಡಿಸಲೇಬೇಕು. ಇವುಗಳಲ್ಲಿ ಒಂದಕ್ಕೂ ಆ ಡಬ್ಬಿಯ ಮೇಲೆ ಜಾಗ ಸಿಕ್ಕಿಲ್ಲ. ದಾಳಿಂಬೆಯ ಚಿತ್ರಕ್ಕೆ ಮಾತ್ರ ಅರ್ಧ ಡಬ್ಬಿ ಸಿಕ್ಕಿದೆ.