ಮ್ಯಾಕ್ಯುಲಾ ಸವೆತಕ್ಕೆ 20 ಡಯಾಪ್ಟರ್ ಸ್ಟ್ಯಾಂಡ್ ಭೂತಗನ್ನಡಿ

ವಯಸ್ಸಾಗಿ ಮ್ಯಾಕ್ಯುಲಾ (ಕಣ್ಣಿನ ಹಿಂಪರದೆ ರೆಟಿನಾದ ನಡುಭಾಗ) ಸವೆದವರಿಗೆ ಪುಟದ ಅಂಚು ಕಾಣುತ್ತದೆ, ಓದಬೇಕೆಂದ ಅಕ್ಷರವೇ ಮಾಯ. ಅಂಥವರಿಗೆ ಎಲ್‌ಇಡಿ ದೀಪವಿರುವ, 20 ಡಯಾಪ್ಟರ್ (ಮಸೂರದ ಶಕ್ತಿಯ ಅಳತೆ) ಇರುವ ಈ ಸ್ಟ್ಯಾಂಡ್ ಮಾದರಿ ಕೈಯಲ್ಲಿ ಹಿಡಿಯುವ ಭೂತಗನ್ನಡಿಗಿಂತ ನಿಜಕ್ಕೂ ಮೇಲು. ಪುಟದ ಮೇಲೇ ಕೂರುವುದರಿಂದ ಕೈ ನಡುಗಿದರೂ ಫೋಕಸ್ ತಪ್ಪದು.

ಮಸುಕು ಎಂಬ ದೂರು ಬಂದರೆ ಮೊದಲು ಕೇಳಬೇಕಾದದ್ದು, ಓದುವ ಕನ್ನಡಕ ಹಾಕಿದ್ದಾರಾ? ಸ್ಟ್ಯಾಂಡಿನ ಮಸೂರದಿಂದ ಬೆಳಕು ತುಸು ಹರಡಿಕೊಂಡೇ ಬರುತ್ತದೆ, ಅದನ್ನು ಕೂಡಿಸುವುದು ಆ ಕನ್ನಡಕ. ಪದವನ್ನು ನೇರ ನೋಡದೆ ಸ್ವಲ್ಪ ಮೇಲೋ ಕೆಳಗೋ ದೃಷ್ಟಿ ನಿಲ್ಲಿಸಿ, ಸ್ಟ್ಯಾಂಡನ್ನೇ ಸಾಲಿನುದ್ದ ಸರಿಸಿ. ಅಭ್ಯಾಸಕ್ಕೆ ಕೆಲವು ವಾರ ಬೇಕು.

ಸುಮಾರು 5 ಪಟ್ಟು ದೊಡ್ಡದಾಗಿ ಕಾಣುವುದರಿಂದ ಪತ್ರಿಕೆಯ ಒತ್ತಕ್ಷರ ಬಿಡಿಸಿಕೊಳ್ಳುತ್ತದೆ. ಇನ್ನೂ ಹೆಚ್ಚಿನದಕ್ಕೆ ಆಸೆಪಡಬೇಡಿ: ಮಸೂರ ಚಿಕ್ಕದಾಗಿ, ನಮ್ಮ ಉದ್ದನೆಯ ಪದಗಳು ಅರ್ಧಕ್ಕೇ ತುಂಡಾಗುತ್ತವೆ. ಮಾತ್ರೆ ಪಟ್ಟಿಯ ಬೆಳ್ಳಿ ಹಾಳೆಯ ಮೇಲೆ ದೀಪ ಪ್ರತಿಫಲಿಸಿ ದಿನಾಂಕವೇ ಕಾಣದು. ಆಗ ದೀಪ ಆರಿಸಿ, ಪಕ್ಕದಿಂದ ಟೇಬಲ್ ಲ್ಯಾಂಪ್ ಕೊಡಿ.

ಇಲ್ಲದ ಮುಖ, ಹೂಬಳ್ಳಿ, ಪುಟ್ಟ ಜನ ಕಾಣುತ್ತಾರೆಂದು ಹಿರಿಯರು ಹೇಳಿದರೆ ಅರುಳುಮರುಳು ಎಂದುಬಿಡಬೇಡಿ. ದೃಷ್ಟಿ ಕುಗ್ಗಿದಾಗ ಮೆದುಳೇ ಬಿಡಿಸುವ ಚಿತ್ರಗಳಿರಬಹುದು. 1760ರಲ್ಲೇ ಸ್ವಿಸ್ ನಿಸರ್ಗವಿಜ್ಞಾನಿ ಚಾರ್ಲ್ಸ್ ಬೋನೆ ತನ್ನ ಅಜ್ಜನಲ್ಲಿ ಇದನ್ನು ದಾಖಲಿಸಿದ್ದ. ಕೋಣೆಯ ಬೆಳಕು ಹೆಚ್ಚಿಸಿ, ಕಣ್ಣು ಎಡಬಲ ಹೊರಳಿಸಿದರೆ ಎಷ್ಟೋ ಸಲ ಮಾಯವಾಗುತ್ತವೆ. ವೈದ್ಯರಿಗೆ ತಿಳಿಸಲೇಬೇಕು.

ಮಸೂರದ ಅಂಚಿನಲ್ಲಿ ಸಾಲು ಬಾಗುವುದು ಸಹಜ. ಮಸೂರ ತೆಗೆದರೂ ಬಾಗಿದ್ದರೆ, ಅದೂ ಹೊಸದಾಗಿ, ತಡಮಾಡದೆ ರೆಟಿನಾ ತಜ್ಞರ ಬಳಿ ಹೋಗಿ.