ಆರಿದ್ರಾ ಮಳೆಗೆ ಕುಂಬಳದ ಬೀಜ ಊರಬೇಡಿ

ಕಾರವಾರ ಸೀಮೆಯ ಒಂದು ಹಿತ್ತಲಲ್ಲಿ ಜೂನ್ ಕೊನೆಯ ವಾರ ಎಂಟು ಗುಂಡಿ ತೆಗೆದು, ಗುಂಡಿಗೆ ನಾಲ್ಕರಂತೆ 32 ಸಿಹಿಗುಂಬಳದ ಬೀಜ ಊರಿದ್ದರು. ಬೀಜ ಒಳ್ಳೆಯದೇ, ಗೊಬ್ಬರವೂ ಧಾರಾಳ. ಪ್ಯಾಕೆಟ್ಟಿನ ಹಿಂದೆ ‘ಬಿತ್ತನೆ ಕಾಲ: ಜೂನ್–ಜುಲೈ’ ಅಂತ ಅಚ್ಚಾಗಿತ್ತು. ಹನ್ನೆರಡು ದಿನ ಕಳೆದರೂ ತಲೆ ಎತ್ತಿದ್ದು ಐದೇ ಸಸಿ. ಜುಲೈ ಮುಗಿಯುವುದರೊಳಗೆ ಅವೂ ಹೋದವು.

ಸಸಿ ಬಾರದ ಜಾಗವನ್ನು ಬೆರಳಲ್ಲಿ ಕೆದಕಿದರೆ ಬೀಜ ಊರಿದಲ್ಲೇ ಸಿಕ್ಕಿತು. ಸಿಪ್ಪೆ ಬೆಳ್ಳಗೆ, ಗಟ್ಟಿಯಾಗಿಯೇ ಇತ್ತು. ಎರಡು ಬೆರಳ ನಡುವೆ ಒತ್ತಿದಾಗ ಮಾತ್ರ ಒಳಗಿನಿಂದ ಹಿಟ್ಟು ಕಲಸಿದಂಥ ಲೋಳೆ ಬಂತು, ಜೊತೆಗೆ ಹುಳಿ ನಾತ. ಎದ್ದು ಬಂದ ಐದರ ಕತೆ ಬೇರೆ. ಎಲೆ ಹಸಿರಾಗಿದ್ದಾಗಲೇ ಮಣ್ಣಿಗೆ ತಾಗಿದ ಜಾಗದಲ್ಲಿ ಕಾಂಡ ನೂಲಿನಂತೆ ಸಣಕಲಾಗಿ, ಬೆಳಗಾಗುವಷ್ಟರಲ್ಲಿ ಸಸಿ ಅಡ್ಡ ಬಿದ್ದಿತ್ತು. ಇದು ಸಸಿ ಕೊಳೆ ರೋಗ. ನೀರು ನಿಂತ ಮಣ್ಣಿನ ಶಿಲೀಂಧ್ರಗಳ ಕೆಲಸ. ಒಮ್ಮೆ ಸಸಿ ಬಿದ್ದ ಮೇಲೆ ಯಾವ ಔಷಧಿಯೂ ಅದನ್ನು ಎಬ್ಬಿಸುವುದಿಲ್ಲ.

ತಪ್ಪು ಎರಡು: ಕಾಲ ಮತ್ತು ಗುಂಡಿ. ಜೂನ್–ಜುಲೈ ಅನ್ನುವ ಮಾತು ಬಯಲುಸೀಮೆಗೆ ಸರಿ. ಅಲ್ಲಿ ಮಳೆ ಬಿದ್ದು ಬಿಡುವು ಕೊಡುತ್ತದೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ ಮಣ್ಣಿನ ಒಳಗೆ ಗಾಳಿಗೆ ಜಾಗವೇ ಇರುವುದಿಲ್ಲ. ಮೊಳೆಯುವ ಬೀಜಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಗುಂಡಿ ತೆಗೆದು ಗೊಬ್ಬರ ತುಂಬಿ ಬೀಜ ಹಾಕುವ ಪದ್ಧತಿಯೂ ನೀರು ಉಳಿಸಬೇಕಾದ ಊರುಗಳದ್ದು. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಒಂದೂವರೆ ಅಡಿ ತೋಡಿದರೆ ತಳದಲ್ಲಿ ಗಟ್ಟಿ ಪದರ ಸಿಗುತ್ತದೆ, ಗುಂಡಿ ಸಣ್ಣ ಕೆರೆಯಾಗುತ್ತದೆ. ಇಲ್ಲಿ ನೆಲ ತೋಡುವುದಲ್ಲ, ಏರಿಸುವುದು.

ಹಾಗಾದರೆ ಯಾವಾಗ? ಕಾಯಿಗಾಗಿ ಬೆಳೆಯುವವರು ಮಳೆ ಹಿಂದೆ ಸರಿಯುವ ತನಕ ಕಾಯಿರಿ. ಕರಾವಳಿಯಲ್ಲಿ ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಕೊನೆಯವರೆಗೆ ಒಳ್ಳೆಯ ಹದ. ಚಿತ್ತೆ, ಸ್ವಾತಿ ಮಳೆ ಗುಡುಗಿನೊಂದಿಗೆ ಸಂಜೆ ಬಂದು ಹೋಗುವಂಥದ್ದು, ನೆಲ ಎತ್ತರದಲ್ಲಿದ್ದರೆ ಕೇಡಿಲ್ಲ. ಶಿರಸಿ ಕಡೆಯವರು ಅಕ್ಟೋಬರ್ ದಾಟಿಸಬೇಡಿ. ಡಿಸೆಂಬರ್–ಜನವರಿಯ ರಾತ್ರಿ ಚಳಿಗೆ ಬೀಜ ಏಳುವುದು ತಡ, ಬಳ್ಳಿ ಮುದುಡುತ್ತದೆ. ಅಷ್ಟರಲ್ಲಿ ಆಗದಿದ್ದರೆ ಫೆಬ್ರವರಿಗೆ ಹಾಕಿ, ಬೇಸಿಗೆಗೆ ಬಾವಿ ನೀರು ಸಾಕಾಗುತ್ತದೆಯೇ ನೋಡಿಕೊಂಡು. ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ ಪಕ್ಕದ ಮನೆಯವರಿಗೆ ಇನ್ನೊಂದು ಮಾತು: ಏಪ್ರಿಲ್–ಮೇಯಲ್ಲಿ ಬಾವಿ ನೀರು ಉಪ್ಪಾಗುವ ಜಾಗದಲ್ಲಿ ಎಲೆಯಂಚು ಸುಟ್ಟಂತೆ ಒಣಗುತ್ತದೆ. ಬೀಜ ಊರಿದಲ್ಲಿಂದ ಕಾಯಿ ಬಲಿಯಲು ಸುಮಾರು ನಾಲ್ಕು ತಿಂಗಳು ಬೇಕು. ಆ ಲೆಕ್ಕದಲ್ಲಿ ಮಾರ್ಚ್ ಒಳಗೆ ಕಾಯಿ ಇಳಿಸುವಂತೆ ಹಾಕಿ.

ಮಳೆಗಾಲದಲ್ಲೂ ಬಳ್ಳಿ ಬೇಕೇ ಬೇಕು ಅನ್ನುವವರು ಮೇ 10ರಿಂದ 20ರೊಳಗೆ ನೀರು ಹೊಯ್ದು ಬೀಜ ಎಬ್ಬಿಸಿ. ಮಿರುಗ, ಅಂದರೆ ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಐದಾರು ಎಲೆ ಬಂದು ಬೇರು ಹರಡಿರಬೇಕು. ಆದರೆ ಅದರ ಹೂವು ಬರುವುದು ಜುಲೈಯ ಜಡಿಮಳೆಯಲ್ಲಿ. ಆಗ ಜೇನು ಹಾರುವುದಿಲ್ಲ, ನೆನೆದ ಪರಾಗ ಕೆಲಸಕ್ಕೆ ಬಾರದು. ಹೆಣ್ಣು ಹೂವಿನ ಬುಡದ ಪುಟ್ಟ ಕಾಯಿ ಹಳದಿಯಾಗಿ ಉದುರುತ್ತದೆ. ಕುಡಿ ಪಲ್ಯಕ್ಕೆ, ಹೂವಿನ ಬಜ್ಜಿಗೆ ಆ ಬಳ್ಳಿ ಚೆನ್ನ. ಕಾಯಿಯ ಆಸೆ ಇಟ್ಟುಕೊಳ್ಳಬೇಡಿ.

ಬೀಜ ಊರಲು ಮಣ್ಣು ಏರಿಸಿದ ಗುಪ್ಪೆ ಹೀಗೆ ಮಾಡಿ. ದಿನಕ್ಕೆ ಕನಿಷ್ಠ ಆರು ತಾಸು ಬಿಸಿಲು ಬೀಳುವ ಜಾಗ ಆರಿಸಿ. ತೋಟದ ಅಡಿಕೆ ನೆರಳಲ್ಲಿ ಬರೀ ಎಲೆ ಬರುತ್ತದೆ. ಒಂದು ಅಡಿ ಎತ್ತರ, ಮೂರು ಅಡಿ ಅಗಲ, ಗುಪ್ಪೆಯಿಂದ ಗುಪ್ಪೆಗೆ ಎಂಟು ಅಡಿ. ನಮ್ಮ ಮಣ್ಣು ಹುಳಿ, ಹಾಗಾಗಿ ಮೊದಲು ಎರಡು ಹಿಡಿ ಸುಣ್ಣದ ಪುಡಿ ಬೆರೆಸಿ 15 ದಿನ ಬಿಡಿ. ಸುಣ್ಣ ಮತ್ತು ಗೊಬ್ಬರವನ್ನು ಒಂದೇ ದಿನ ಸೇರಿಸಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಆಮೇಲೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಬುಟ್ಟಿ ಸುಡುಮಣ್ಣು, ಎರಡು ಹಿಡಿ ಬೇವಿನ ಹಿಂಡಿ. ಹಸಿ ಸೆಗಣಿ ಹಾಕಿದರೆ ಬೇರು ಬೇಯುತ್ತದೆ, ಗೊಣ್ಣೆ ಹುಳುವೂ ಬರುತ್ತದೆ. ಕೊಳೆ ರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ ಟ್ರೈಕೋಡರ್ಮಾ ಒಂದು ಕಿಲೊವನ್ನು 100 ಕಿಲೊ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ತೇವ ಆರದಂತೆ ಎರಡು ವಾರ ಮುಚ್ಚಿಟ್ಟು ಬಳಸಿದರೆ ಕೊಳೆ ರೋಗ ಬಹಳ ಕಡಿಮೆ.

ಬೀಜ ಊರುವುದು ಬೆರಳಿನ ಒಂದು ಗೆಣ್ಣಿನಷ್ಟು, ಅಂದರೆ 2ರಿಂದ 3 ಸೆಂಟಿಮೀಟರ್ ಆಳ. ಇನ್ನೂ ಕೆಳಗೆ ಹೋದರೆ ಮೊಳಕೆ ಮೇಲೆ ಬರಲು ಹೆಣಗುತ್ತದೆ. ಗುಪ್ಪೆಗೆ ನಾಲ್ಕು ಬೀಜ ಹಾಕಿ ಎರಡು ಸಸಿ ಉಳಿಸಿ. ಉಳಿದವನ್ನು ಕೀಳಬೇಡಿ, ಕತ್ತರಿಯಿಂದ ಬುಡಕ್ಕೆ ಕತ್ತರಿಸಿ, ಕಿತ್ತರೆ ಪಕ್ಕದ ಸಸಿಯ ಬೇರೂ ಅಲುಗುತ್ತದೆ. ನೆನೆಸುವುದಾದರೆ ಆರು ತಾಸು ಸಾಕು. ಎರಡು ದಿನ ನೀರಲ್ಲಿ ಬಿಟ್ಟ ಬೀಜ ಪಾತ್ರೆಯಲ್ಲೇ ಕೊಳೆಯಲು ತೊಡಗಿರುತ್ತದೆ. ಹದವಾದ ಮಣ್ಣಲ್ಲಿ ಐದರಿಂದ ಏಳು ದಿನಕ್ಕೆ ಮೊಳಕೆ. ಹತ್ತು ದಿನ ಮೀರಿದರೆ ಕೆದಕಿ ನೋಡಿ. ಬೀಜವೇ ಕಾಣದಿದ್ದರೆ ಇಲಿ ಒಯ್ದಿದೆ ಅಂತ ಅರ್ಥ.

ಸಸಿ ಮಾಡಿ ನೆಡುವವರು ಅಡಿಕೆ ಹಾಳೆಯ ತುಂಡು ಸುತ್ತಿದ ದೊನ್ನೆಯಲ್ಲಿ ಮಾಡಿ, ಬೀಜದಳಗಳಾದ ಮೇಲೆ ಎರಡು ನಿಜವಾದ ಎಲೆ ಬಂದ ಕೂಡಲೇ ಮಣ್ಣಿನ ಹೆಂಟೆ ಒಡೆಯದಂತೆ ಇಳಿಸಿ. ಮಡಿಯಿಂದ ಕಿತ್ತು ನೆಟ್ಟ ಕುಂಬಳ ಬಾಡಿ ನಿಲ್ಲುವುದೇ ಹೆಚ್ಚು, ಮೆಣಸಿನ ಸಸಿಯ ಹಾಗೆ ಇದು ತಡೆಯುವುದಿಲ್ಲ.

ಮೊದಲ ಎರಡು ವಾರದ ಶತ್ರು ಕೆಂಪು ಕುಂಬಳದ ದುಂಬಿ. ಬೀಜದಳಗಳನ್ನೇ ತೂತು ಮಾಡಿ ತಿಂದು ಸಸಿಯನ್ನು ಮುಗಿಸುತ್ತದೆ. ಬೆಳಗಿನ ಮಂಜಿನಲ್ಲಿ ಮಂಕಾಗಿ ಕೂತಿರುತ್ತದೆ, ಆಗಲೇ ಹಿಡಿದು ಸೋಪು ನೀರಿಗೆ ಹಾಕಿ. ನಾಲ್ಕು ಎಲೆ ಬರುವವರೆಗೆ ಸೊಳ್ಳೆ ಪರದೆಯ ತುಂಡು ಹೊದಿಸಿದರೆ ಇನ್ನೂ ಒಳ್ಳೆಯದು.

ಹೂವಿನ ಕಾಲಕ್ಕೆ ಗಾಬರಿ ಬೇಡ. ಮೊದಲು ಬರುವುದು ಬರೀ ಗಂಡು ಹೂವು, ಹೆಣ್ಣು ಹೂವು ಒಂದೆರಡು ವಾರ ತಡ. ಜೇನು ಕಾಣದ ದಿನ ಬೆಳಗ್ಗೆ ಎಂಟರೊಳಗೆ ಗಂಡು ಹೂವಿನ ದಳ ಬಿಡಿಸಿ, ನಡುವಿನ ಕಡ್ಡಿಯನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ಉಜ್ಜಿ. ಹೊತ್ತು ಏರಿದರೆ ಹೂವು ಮುಚ್ಚುತ್ತದೆ.

ಹಣ್ಣು ನೊಣದ ವಿಷಯದಲ್ಲಿ ದುಡ್ಡು ಕಳೆದುಕೊಳ್ಳುವವರು ಬಹಳ. ಮಾವಿನ ಮರಕ್ಕೆ ಕಟ್ಟುವ ಮೀಥೈಲ್ ಯೂಜಿನಾಲ್ ಬಲೆಯನ್ನೇ ತಂದು ಕುಂಬಳದ ಚಪ್ಪರಕ್ಕೆ ಕಟ್ಟುತ್ತಾರೆ. ಕುಂಬಳ, ಹಾಗಲ, ಸೌತೆಗೆ ಬರುವ ನೊಣ ಬೇರೆ ಜಾತಿ, ಅದನ್ನು ಸೆಳೆಯುವ ‘ಕ್ಯೂ ಲೂರ್’ ಬಲೆ ಅಂತ ಕೇಳಿ ತರಬೇಕು. ಹೂವು ಕಾಯಿ ಕಟ್ಟಿದ ಎರಡು ಮೂರು ದಿನಕ್ಕೇ ಕಾಗದದ ಚೀಲ ತೊಡಿಸಿ. ಬಿದ್ದ ಕಾಯಿಯನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ, ಎರಡು ಅಡಿ ಆಳಕ್ಕೆ ಹೂಳಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸೂರ್ಯಮುಖಿ’ ತಳಿಗೆ ಈ ನೊಣದ ಕಾಟ ತಡೆಯುವ ಗುಣ ಇದೆ. ಕಾಯಿ ಸುಮಾರು ಒಂದು ಕಿಲೊ, ಚಿಕ್ಕ ಮನೆಗೆ ಹೇಳಿ ಮಾಡಿಸಿದ್ದು.

ನೆಲಕ್ಕೆ ತಾಗಿದ ಕಾಯಿಯ ಕೆಳಗೆ ಒಂದು ಚಿರೆಕಲ್ಲಿನ ತುಂಡೋ ಹಾಳೆಯೋ ಇಡಿ. ತೊಟ್ಟು ಒಣಗಿ ಬೆಂಡಿನಂತಾಗಿ, ಸಿಪ್ಪೆಗೆ ಉಗುರು ಇಳಿಯದಾದಾಗ ಮೂರು ಇಂಚು ತೊಟ್ಟು ಬಿಟ್ಟು ಕತ್ತರಿಸಿ. ಬೇಯಿಸುವ ಮುಂಚೆ ಸಣ್ಣ ಚೂರು ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಉಗಿದು, ಇಡೀ ಕಾಯಿ ಎಸೆಯಿರಿ. ಆ ಕಹಿ ಬೇಯಿಸಿದರೆ ಹೋಗುವುದಿಲ್ಲ, ವಾಂತಿ ಭೇದಿ ತರುತ್ತದೆ. ಆ ಬಳ್ಳಿಯ ಬೀಜವನ್ನು ಮುಂದಿನ ವರ್ಷಕ್ಕೂ ಇಡಬೇಡಿ, ನೆರೆಯವರಿಗೂ ಕೊಡಬೇಡಿ.