ಟೈರಿಗೆಂದು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೊಟ್ಟರೆ ಬೇಡ ಅನ್ನಿ

ಪುಣೆಯಿಂದ ಟ್ರ್ಯಾಕ್ ಡೇಗೆ, ಅಂದರೆ ರೇಸ್ ಟ್ರ್ಯಾಕಿನಲ್ಲಿ ಸ್ವಂತ ಕಾರು ಓಡಿಸುವ ದಿನಕ್ಕೆ, ಕಾರು ಒಯ್ಯುವ ನಮ್ಮ ಕನ್ನಡದವರಿಗೆಲ್ಲ ಒಂದು ಮಾತು. ಟೈರ್ ತುಂಬಿಸೋಕೆ ಅಂತ ಯಾರಾದರೂ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ತೋರಿಸಿದರೆ ತಗೋಬೇಡಿ. ಬೇಸಿಗೆಯಲ್ಲಂತೂ ಅದನ್ನು ಕಾರಿನೊಳಗೆ ಇಡಲೇಬೇಡಿ.

ತಮ್ಮ ಮತ್ತು ನಾನು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೊರಟಿದ್ದೆವು. ನೈಟ್ರೋಜನ್ ಬೇಕು ಅಂತ ಭೋಸರಿ ಕಡೆ ಒಂದು ಗ್ಯಾಸ್ ಅಂಗಡಿಗೆ ಹೋದೆವು. ಅಂಗಡಿಯವರು ಚಿಕ್ಕದೊಂದು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಮುಂದಿಟ್ಟರು. "ಹಗುರ ಇದೆ, ಗ್ಯಾಸೂ ಜಾಸ್ತಿ ಹಿಡಿಯುತ್ತೆ, ಡಿಕ್ಕಿಯಲ್ಲಿ ಹಾಕ್ಕೊಂಡು ಹೋಗಿ" ಎಂದರು. ಗ್ಯಾಸ್ ಜಾಸ್ತಿ ಹಿಡಿಯುತ್ತದೆ ಅನ್ನೋದು ನಿಜ. ಒಳಗೆ ಅದು ದ್ರವವಾಗಿರುತ್ತದೆ. 1 ಕೆಜಿಯಿಂದ 500 ಲೀಟರಿಗೂ ಜಾಸ್ತಿ ಗ್ಯಾಸ್ ಬರುತ್ತದೆ. ಬಿಸಿಯಾದರೆ ಏನಾಗುತ್ತದೆ ಅನ್ನೋದನ್ನು ಮಾತ್ರ ಅವರು ಹೇಳಲಿಲ್ಲ. ನಾವೂ ತಗೊಂಡು ಡಿಕ್ಕಿಯಲ್ಲಿಟ್ಟೆವು.

ಏಪ್ರಿಲ್ ತಿಂಗಳು. ನಿಗಡಿಯ ನಮ್ಮ ಸೊಸೈಟಿಯಲ್ಲಿ ಕಾರು ಬಿಸಿಲಿಗೆ ನಿಂತಿತ್ತು. ಉಳಿದ ಸಾಮಾನು ತರಲು ಮನೆಗೆ ಹೋಗಿದ್ದೆವು. ಢಂ ಅಂತ ಸದ್ದು. ಬಂದು ನೋಡಿದರೆ ಕಾರಿನೊಳಗೆಲ್ಲ ಬಿಳಿ ಮಂಜು. ಒತ್ತಡ ಮೀರಿದರೆ ಒಡೆಯಲೆಂದೇ ಇಟ್ಟಿರುವ ವಾಲ್ವಿನ ಸುರಕ್ಷತಾ ಡಿಸ್ಕ್ ಒಡೆದು ಇಡೀ ಗ್ಯಾಸ್ ಒಳಗೆ ಸೋರಿತ್ತು. ತಮ್ಮ ಬಾಗಿಲು ತೆಗೆದು ತಲೆ ಒಳಗೆ ಹಾಕಲು ಹೊರಟ. ವಾಚ್‌ಮನ್ ದಾದಾ ಅವನ ಅಂಗಿ ಹಿಡಿದು ಎಳೆದರು. ಅವರು ಹಿಂದೆ ಚಿಂಚವಾಡದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು, ಅವರಿಗೆ ಗೊತ್ತಿತ್ತು. ಅವರ ಋಣ ನಮ್ಮ ಮೇಲಿದೆ. ಗಾಳಿಯಲ್ಲಿ ಈ ಗ್ಯಾಸ್ ಶೇಕಡಾ 10 ದಾಟಿದರೆ ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪುತ್ತದೆ. ಇದೇ ಪುಣೆ-ಸಾತಾರಾ ದಾರಿಯ ಖಂಬಾಟಕಿ ಘಾಟಿನಲ್ಲಿ, ಗಾಜು ಏರಿಸಿ ಎಸಿ ಹಾಕಿಕೊಂಡು ಹೋಗುವಾಗ ಆಗಿದ್ದರೆ? ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

20 ಡಿಗ್ರಿಯಲ್ಲಿ ಈ ಸಿಲಿಂಡರಿನ ಒತ್ತಡ ಸುಮಾರು 57 ಬಾರ್ (1 ಬಾರ್ ಅಂದರೆ ಸುಮಾರು 14.5 ಪಿಎಸ್‌ಐ). 31 ಡಿಗ್ರಿಗೆ 74ರ ಹತ್ತಿರ. ಅಲ್ಲಿಂದ ಮುಂದೆ ಒಳಗೆ ಎಷ್ಟು ತುಂಬಿದ್ದಾರೆ ಅನ್ನೋದರ ಮೇಲೆ ಒತ್ತಡ ಏರುತ್ತದೆ. ಅಳತೆ ಮೀರಿ ತುಂಬಿದ್ದರೆ ಜಿಗಿಯುತ್ತಲೇ ಹೋಗುತ್ತದೆ. ಅದಕ್ಕೇ ಇದನ್ನು ತೂಕ ಹಾಕಿ ತುಂಬಬೇಕು. ನಮ್ಮ ಬಿಲ್ಲಿನಲ್ಲಿ ತೂಕವೇ ಇರಲಿಲ್ಲ. ಕೇಳಲು ಹೋದಾಗ ಅಂಗಡಿಯವರು "ಉನ್ಹಾಳ್ಯಾತ್ ಅಸಂ ಹೋತಂಚ್" ಎಂದರು. ಬೇಸಿಗೆಯಲ್ಲಿ ಹಾಗೆ ಆಗೋದೇ ಅಂತೆ! ಗೊತ್ತಿದ್ದೂ ಡಿಕ್ಕಿಯಲ್ಲಿ ಹಾಕ್ಕೊಳ್ಳಿ ಅಂತ ಹೇಗೆ ಹೇಳಿದರು? ದುಡ್ಡೂ ವಾಪಸ್ ಕೊಡಲಿಲ್ಲ.

ಡಿಸ್ಕ್ ಒಡೆಯದಿದ್ದರೂ ಟ್ರ್ಯಾಕ್ ಟೈರಿಗೆ ಇದು ಸರಿಯಲ್ಲ. ಗ್ಯಾಸ್ ತಣ್ಣಗೆ ಒಳಹೋಗುತ್ತದೆ, ಆಮೇಲೆ ಬೆಚ್ಚಗಾಗಿ ಒತ್ತಡ ಏರುತ್ತದೆ. ಒಂದೊಂದು ಪಿಎಸ್‌ಐ ಲೆಕ್ಕ ಹಾಕುವ ಕಡೆ ಗೇಜ್ ನಂಬೋದು ಹೇಗೆ? ರಬ್ಬರ್ ಮೂಲಕವೂ ಇದು ನೈಟ್ರೋಜನ್‌ಗಿಂತ ಬೇಗ ಸೋರುತ್ತದೆ.

ನೈಟ್ರೋಜನ್ನೇ ತಗೊಳ್ಳಿ. ದೊಡ್ಡದು ಬೇಕಿಲ್ಲ. 30 ಲೀಟರ್ ಹಿಡಿಯುವ ಟೈರಿಗೆ 10 ಪಿಎಸ್‌ಐ ಏರಿಸಲು ಸುಮಾರು 20 ಲೀಟರ್ ಗ್ಯಾಸ್ ಸಾಕು. 2 ಲೀಟರಿನ ಸಿಲಿಂಡರನ್ನು 150 ಬಾರ್‌ಗೆ ತುಂಬಿಸಿದರೆ ಸುಮಾರು 300 ಲೀಟರ್ ಸಿಗುತ್ತದೆ. ನಾಲ್ಕೂ ಟೈರಿಗೆ ಮೂರು ಸಲ ಧಾರಾಳವಾಗಿ ಬರುತ್ತದೆ. ಓಡಿಸಿ ಬಂದ ಮೇಲೆ ಟೈರ್ ಬಿಸಿಯಾಗಿ ಗಾಳಿ ಬಿಡುವ ಕೆಲಸವೇ ಜಾಸ್ತಿ, ಅಲ್ವಾ? ಆದರೆ ಒತ್ತಡ ಇಳಿಸಿ ಕೊಡುವ ಒಳ್ಳೆಯ ರೆಗ್ಯುಲೇಟರ್ ಇಲ್ಲದೆ 150 ಬಾರ್ ಮುಟ್ಟಲೇಬೇಡಿ. ಸಾಗಿಸುವಾಗ ರೆಗ್ಯುಲೇಟರ್ ಬಿಚ್ಚಿ, ವಾಲ್ವಿಗೆ ಕ್ಯಾಪ್ ಹಾಕಿ, ಉರುಳದಂತೆ ಬಿಗಿಯಾಗಿ ಕಟ್ಟಿ. ನೈಟ್ರೋಜನ್ ಸೋರಿದರೂ ಮುಚ್ಚಿದ ಕಾರಿನಲ್ಲಿ ಆಕ್ಸಿಜನ್ ಕಡಿಮೆಯಾಗುತ್ತದೆ, ಗಾಜು ಸ್ವಲ್ಪ ಇಳಿಸಿರಿ. ಹೊಸದಾಗಿ ಶುರು ಮಾಡುವವರಿಗೆ ನನ್ನ ಕೇಳಿದರೆ 12 ವೋಲ್ಟಿನ ಕಂಪ್ರೆಸರ್, ಒಂದು ಒಳ್ಳೆಯ ಗೇಜ್ ಸಾಕು. ನಿಧಾನ ಅಷ್ಟೇ.

ಅಂಗಡಿಯಲ್ಲಿ ಸಿಲಿಂಡರಿನ ಕುತ್ತಿಗೆ ಹತ್ತಿರದ ಅಚ್ಚು ಓದಿ. ಪರೀಕ್ಷೆ ಮಾಡಿದ ತಿಂಗಳು, ವರ್ಷ ಅಲ್ಲೇ ಇರುತ್ತದೆ. 5 ವರ್ಷ ದಾಟಿದ್ದರೆ ಬಿಟ್ಟುಬಿಡಿ. ನೈಟ್ರೋಜನ್ ಸಿಲಿಂಡರಿಗೆ ಬೂದು ಬಣ್ಣ, ಕುತ್ತಿಗೆ ಕಪ್ಪು. ಆಕ್ಸಿಜನ್ ಸಿಲಿಂಡರ್ ಕಪ್ಪು. ಬೂದು ಬಣ್ಣ ಕಿತ್ತ ಕಡೆ ಕೆಳಗೆ ಕಪ್ಪು ಕಂಡರೆ ಅದು ಬಣ್ಣ ಬಳಿದ ಆಕ್ಸಿಜನ್ ಸಿಲಿಂಡರ್ ಇರಬಹುದು, ಆ ಅಂಗಡಿಯನ್ನೇ ಬಿಡಿ. ರಬ್ಬರ್, ಎಣ್ಣೆ ಜೊತೆ ಆಕ್ಸಿಜನ್ ಸೇರಿದರೆ ಕಿಡಿ ತಾಗಿದ ಕ್ಷಣಕ್ಕೆ ಬೆಂಕಿ.